ಸುಣ್ಣದ ಗೆರೆಯ ಗಾಡಿ

ನನಗೆ ಸಿಟ್ಟು ಬೇಗ ಬರುತ್ತದೆ. ಹರಪನಹಳ್ಳಿಯ ನಮ್ಮ ಮನೆಯವರೆಲ್ಲ ಇದಕ್ಕೆ ಒಗ್ಗಿಕೊಂಡು ಎಷ್ಟೋ ವರ್ಷವಾಗಿತ್ತು. ಆದರೆ ಗುಡೇಕೋಟೆಯಿಂದಾಚೆ, ಕುರುಚಲು ಗುಡ್ಡಗಳ ನಡುವಿನ ಹಳ್ಳಿಯ ಹೈಸ್ಕೂಲಿಗೆ ನಾನು ವಿಜ್ಞಾನದ ಟೀಚರಾಗಿ ಹೋದಾಗ ಅಲ್ಲಿನ ಮಕ್ಕಳಿಗೆ ಇದು ಹೊಸದು. "ಇವ್ರಿಗೆ ಕೋಮಲಾ ಅಂತ ಹೆಸರಿಟ್ಟೋರು ಯಾರಲೇ" ಎಂದು ಸಿದ್ದಲಿಂಗ ಹಿಂದಿನ ಬೆಂಚಿನಲ್ಲಿ ಪಿಸುಗುಟ್ಟಿದ್ದು ನನ್ನ ಕಿವಿಗೆ ಬಿತ್ತು. ಅವನನ್ನು ಮುಂದಿನ ಬೆಂಚಿಗೆ ಎಳೆದು ತಂದು ಕೂರಿಸಿದೆ. ಮುಂದೆ ಅವನೇ ನನ್ನ ರೋಬೋ ತಂಡದ ಅರ್ಧ ಭಾಗವಾದ.

ಇನ್ನರ್ಧ ಸುಂಕಮ್ಮ. ಒಂಬತ್ತನೇ ಕ್ಲಾಸಿನ ಹುಡುಗಿ, ಮಾತು ಕಡಿಮೆ, ನೋಟ ಜಾಸ್ತಿ. ಅವಳ ತಾಯಿ ಗಿಡ್ಡಮ್ಮ ನಮ್ಮ ಶಾಲೆಯ ಬಿಸಿಯೂಟದ ಅಡುಗೆಯವಳು. ಈ ತಾಯಿ ಮಗಳ ನಡುವೆ ಒಂದು ಕೋಣೆಯ ಸಲುವಾಗಿ ಜಗಳ ಹಚ್ಚಿದ ಪುಣ್ಯಾತ್ಮರು ನಮ್ಮ ಹೆಡ್ಮಾಸ್ತರು ನಾಗೇಂದ್ರಪ್ಪನವರು.

ಅದು ಹೈಸ್ಕೂಲಿಗೂ ಬಿಸಿಯೂಟ ಬಂದ ಹೊಸದು. ಅಕ್ಕಿ ಚೀಲಗಳು ವರಾಂಡದಲ್ಲೇ ಬಿದ್ದಿರುತ್ತಿದ್ದವು. ಇಲಿಗಳು ಮಕ್ಕಳಿಗಿಂತ ಮೊದಲೇ ಊಟಕ್ಕೆ ಕೂರುತ್ತಿದ್ದವು. ಹಿತ್ತಲ ಕಡೆ ಮುರಿದ ಬೆಂಚು ತುಂಬಿದ ಒಂದು ಕೋಣೆ ಇತ್ತು. ಅದನ್ನು ಖಾಲಿ ಮಾಡಿಸಿ ಕೊಡಿ ಎಂದು ಗಿಡ್ಡಮ್ಮ ಕೇಳಿದ್ದಳು. ಹೆಡ್ಮಾಸ್ತರು ಹೂಂ ಎಂದಿದ್ದರು. ಅದೇ ಕೋಣೆಯನ್ನು ರೋಬೋ ಮಾಡಲು ಕೊಡಿ ಎಂದು ನಾನು ಕೇಳಿದೆ. ನನಗೂ ಹೂಂ ಎಂದರು. ಯಾರಿಗೂ ಇಲ್ಲ ಅನ್ನಲು ಬಾರದ ಮನುಷ್ಯ ಅವರು. ಶಾಲೆಯಲ್ಲಿ ಅವರಿಗೆ ಅಂತಲೇ ಒಳ್ಳೆಯ ಕೋಣೆ ಇದ್ದರೂ ಸೆಕೆ ಎಂದು ಬೆಳಗಿನಿಂದ ಸಂಜೆಯವರೆಗೆ ಬೇವಿನ ಮರದ ಕೆಳಗೆ ಕುರ್ಚಿ ಹಾಕಿಸಿಕೊಂಡು ಕೂತಿರುತ್ತಿದ್ದರು. ಸಹಿ ಬೇಕಾದವರು ಮರದ ಕೆಳಗೆ ಹೋಗಬೇಕು.

ಬೆಂಚು ಹೊರಗೆ ಸಾಗಿಸಿ, ಜೇಡರ ಬಲೆ ಹೊಡೆದು, ಕೋಣೆ ತೊಳೆದದ್ದು ನಾನು ಮತ್ತು ಮಕ್ಕಳು. ಬಾಗಿಲು ತೆರೆದು ನಾವು ಒಳಗೆ ಕೂತ ದಿನವೇ ಗಿಡ್ಡಮ್ಮ ಸೌಟು ಹಿಡಿದು ಬಂದು ನಿಂತಳು.

"ಏನ್ ಟೀಚರಮ್ಮ, ಆಟದ ಸಾಮಾನಿಗೆ ಕೋಣಿ ಬೇಕು, ಅನ್ನಕ್ಕ ಬ್ಯಾಡೇನು?"

"ಇದು ಆಟದ ಸಾಮಾನಲ್ಲ ಗಿಡ್ಡಮ್ಮ, ಪಾಠ" ಎಂದೆ.

"ನನ್ನ ಮಗಳು ಮನಿಯಾಗ ಪಾಠ ಓದೋದು ನಾ ಕಂಡಿಲ್ಲ. ಬಟ್ಟಿ ಒಣಗಹಾಕೋ ಕ್ಲಿಪ್ಪೆಲ್ಲಾ ಎತ್ತಿಕೊಂಡು ಬಂದಾಳ" ಎಂದು ಮಗಳ ಕಡೆ ನೋಡಿದಳು. ಸುಂಕಮ್ಮ ಗೋಡೆ ನೋಡಿದಳು.

ನಾನು, ಗಿಡ್ಡಮ್ಮ ಇಬ್ಬರೂ ಹೆಡ್ಮಾಸ್ತರ ಹತ್ತಿರ ಹೋದೆವು. ಅವರು ಬೇವಿನ ಮರವನ್ನೇ ಸಾಕ್ಷಿಗೆ ಕರೆಯುವವರ ಹಾಗೆ ಮೇಲೆ ನೋಡಿ, ಕೊನೆಗೆ ಒಂದು ತೀರ್ಪು ಕೊಟ್ಟರು. "ಹೊಸಪೇಟಿಯೊಳಗ ರೋಬೋ ಗಾಡಿ ಸ್ಪರ್ಧೆ ಐತಲ್ರಿ. ಅಲ್ಲಿ ನಿಮ್ಮ ಗಾಡಿ ಒಂದು ಸುತ್ತು ಪೂರಾ ಹಾಕ್ಲಿ, ಕೋಣಿ ನಿಮ್ದು. ಹಾಕ್ಲಿಲ್ಲಂದ್ರ ಅಕ್ಕಿ ಒಳಗ. ಬಹುಮಾನ ಗಿಹುಮಾನ ನಾ ಕೇಳಂಗಿಲ್ಲ." ನಾವಿಬ್ಬರೂ ಒಪ್ಪಿದೆವು. ಸುಂಕಮ್ಮ ಮಾತ್ರ ಆ ದಿನದಿಂದ ಊಟದ ಹೊತ್ತಿನಲ್ಲೂ ಕೋಣೆ ಬಿಟ್ಟು ಹೊರಗೆ ಬರಲಿಲ್ಲ. ಎದ್ದು ಹೋದರೆ ಯಾರೋ ಬಂದು ಅಕ್ಕಿ ಚೀಲ ಇಟ್ಟುಬಿಡುತ್ತಾರೆ ಎಂಬ ಹೆದರಿಕೆ. ಅವಳಿಗೆ ಮನೆಯಲ್ಲಿ ಕೂತು ಓದಲು ಒಂದು ಮೂಲೆಯೂ ಇರಲಿಲ್ಲ. ತನ್ನದೆಂದು ಬಾಗಿಲು ಹಾಕಿಕೊಳ್ಳುವ ಜಾಗ ಅವಳಿಗೆ ಸಿಕ್ಕಿದ್ದು ಅದೇ ಮೊದಲು.

ಹೊಸಪೇಟೆಯ ಒಂದು ಇಂಜಿನಿಯರಿಂಗ್ ಕಾಲೇಜು ಹೈಸ್ಕೂಲು ಮಕ್ಕಳಿಗೆ ಸ್ಪರ್ಧೆ ಇಟ್ಟಿತ್ತು. ನೆಲದ ಮೇಲಿನ ಗೆರೆ ಹಿಡಿದು ತಾನೇ ಓಡುವ ಗಾಡಿ ಮಾಡಬೇಕು. ಟೀಚರುಗಳಿಗೆ ಮೊದಲೇ ಒಂದು ದಿನದ ತರಬೇತಿ ಕೊಟ್ಟಿದ್ದರು. ಅಲ್ಲಿಂದ ನಾನು ತಲೆ ತುಂಬ ವೈರು ತುಂಬಿಕೊಂಡು ಬಂದಿದ್ದೆ. ಆಟಿಕೆ ಜೀಪುಗಳ ಮೋಟರು ಬಿಚ್ಚಿದೆವು. ಹವಾಯಿ ಚಪ್ಪಲಿ ಕತ್ತರಿಸಿ ಗಾಲಿ ಮಾಡಿದೆವು. ಸಿದ್ದಲಿಂಗನ ಅಣ್ಣನದು ಕೊಟ್ಟೂರಿನಲ್ಲಿ ರೇಡಿಯೋ ರಿಪೇರಿ ಅಂಗಡಿ. ಅಲ್ಲಿಂದ ಬೆಸುಗೆ ಹಾಕುವ ಸಾಮಾನು ಬಂತು. ಗಾಡಿಯ ಮುಂದೆ ಅಡ್ಡಲಾಗಿ ಒಂದು ಪ್ಲಾಸ್ಟಿಕ್ ಸ್ಕೇಲು ಕಟ್ಟಿ, ಅದಕ್ಕೆ ಗಿಡ್ಡಮ್ಮನ ಬಟ್ಟೆ ಕ್ಲಿಪ್ಪುಗಳಿಂದ ಎರಡು ಬೆಳಕಿನ ಕಣ್ಣುಗಳನ್ನು ಸಿಕ್ಕಿಸಿದೆವು.

ಈ ಕಣ್ಣುಗಳ ಕೆಲಸ ಸರಳ. ಎಡಗಣ್ಣು ಎಡ ಗಾಲಿಗೆ, ಬಲಗಣ್ಣು ಬಲ ಗಾಲಿಗೆ. ಕಪ್ಪು ನೆಲ ಕಂಡರೆ ಗಾಲಿ ಓಡುತ್ತದೆ, ಬಿಳಿ ಕಂಡರೆ ನಿಲ್ಲುತ್ತದೆ. ಬಿಳಿ ಗೆರೆ ಎರಡು ಕಣ್ಣುಗಳ ನಡುವೆ ಇರಬೇಕು. ಗಾಡಿ ಬಲಕ್ಕೆ ಸರಿದರೆ ಎಡಗಣ್ಣಿಗೆ ಗೆರೆ ಕಾಣುತ್ತದೆ, ಎಡಗಾಲಿ ನಿಲ್ಲುತ್ತದೆ, ಗಾಡಿ ಎಡಕ್ಕೆ ಹೊರಳಿ ದಾರಿಗೆ ಬರುತ್ತದೆ. ಎಡದ ಎತ್ತು ನಿಂತರೆ ಚಕ್ಕಡಿ ಎಡಕ್ಕೆ ತಿರುಗುವ ಹಾಗೆ ಎಂದು ಹೇಳಿದ್ದೇ ತಡ, ಇಡೀ ಕ್ಲಾಸಿಗೆ ತಿಳಿಯಿತು.

ಗೆರೆ ಎಲ್ಲಿ ಎಳೆಯುವುದು? ಅದನ್ನು ಯೋಚಿಸಲೇ ಇಲ್ಲ. ಶಾಲೆಯ ಹಿತ್ತಲಂಗಳವನ್ನು ಸುಂಕಮ್ಮ ಸಗಣಿಯಿಂದ ಸಾರಿಸಿದಳು. ಕರ್ರಗೆ, ನುಣ್ಣಗೆ ಒಣಗಿದ ನೆಲದ ಮೇಲೆ ರಂಗೋಲಿ ಪುಡಿಯಿಂದ ದೊಡ್ಡ ಸುತ್ತು ಎಳೆದಳು. ಗಾಲಿಗೆ ಪುಡಿ ಅಂಟಿ ಗಾಡಿ ಹೋದಲ್ಲೆಲ್ಲ ಗೆರೆಯೂ ಹೋಯಿತು. ಆಮೇಲೆ ಸುಣ್ಣ ಕಲಸಿ ಬಳಿದಳು. ಸುಣ್ಣ ಕಚ್ಚಿಕೊಂಡಿತು. ಗಾಡಿ ಒಂದು ಸುತ್ತು ಹಾಕಿತು, ಇನ್ನೊಂದು ಹಾಕಿತು. ಊರಿನ ಜನ ನೋಡಲು ಬಂದರು.

ಹಾಗಂತ ದಿನಾ ಸುಗಮವಾಗಿ ಓಡುತ್ತಿತ್ತು ಎಂದಲ್ಲ. ನಿಂತಾಗಲೆಲ್ಲ ನನ್ನ ಪಿತ್ತ ನೆತ್ತಿಗೇರುತ್ತಿತ್ತು. "ಕೊಡ್ರಿಲ್ಲಿ" ಎಂದು ಮಕ್ಕಳ ಕೈಯಿಂದ ಸ್ಕ್ರೂಡ್ರೈವರ್ ಕಸಿದುಕೊಂಡು ನಾನೇ ಸರಿ ಮಾಡುತ್ತಿದ್ದೆ. ಸಿದ್ದಲಿಂಗ ನಗುತ್ತ ಕೊಡುತ್ತಿದ್ದ. ಸುಂಕಮ್ಮ ಕೊಟ್ಟು, ಗೋಡೆ ನೋಡುತ್ತಿದ್ದಳು. ಆ ಗೋಡೆಯಲ್ಲಿ ಅಂಥದ್ದೇನಿದೆ ಎಂದು ಒಮ್ಮೆ ಗದರಿಸಿಯೂ ಇದ್ದೆ.

ಹೊಸಪೇಟೆಗೆ ಹೊರಟ ದಿನ ಗಿಡ್ಡಮ್ಮ ತನ್ನ ರೊಟ್ಟಿ ಬುಟ್ಟಿ ತಂದು ಕೊಟ್ಟಳು. ತಳದಲ್ಲಿ ರೊಟ್ಟಿ, ಮೇಲೆ ಬಟ್ಟೆ, ಅದರ ಮೇಲೆ ಗಾಡಿ, ಎಲ್ಲಕ್ಕೂ ಮೇಲೆ ಇನ್ನೊಂದು ಬಟ್ಟೆ. "ಗೆಲ್ಲಬ್ಯಾಡ್ರಿ ಅಂತ ನಾ ಬೇಡ್ಕಳ್ಳಂಗಿಲ್ಲ. ಆದ್ರ ಇಲಿ ಅಂತೂ ಇವತ್ತೂ ಒಂದು ಚೀಲ ಕಡದಾವು" ಎಂದಳು. ಬಸ್ಸಿನಲ್ಲಿ ಕಂಡಕ್ಟರ್ ಬುಟ್ಟಿಯ ಮೇಲಿನ ಬಟ್ಟೆ ಎತ್ತಿ ನೋಡಿದ.

"ನಾ ಕೋಳಿ ಅನ್ಕಂಡಿದ್ದೆ. ಇದೇನ್ರಿ?"

"ರೋಬೋರಿ" ಎಂದ ಸಿದ್ದಲಿಂಗ, ಎದೆ ಉಬ್ಬಿಸಿ.

"ಕೂಗಂಗಿಲ್ಲಲ್ಲ?" ಎಂದು ಕೇಳಿ, ಇಲ್ಲ ಎಂದ ಮೇಲೆ ಸಮಾಧಾನವಾಗಿ ಮುಂದೆ ಹೋದ.

ಕಾಲೇಜಿನ ದೊಡ್ಡ ಹಾಲಿನ ಬಾಗಿಲಲ್ಲೇ ಒಬ್ಬ ಹುಡುಗ ನನ್ನನ್ನು ಹಗ್ಗದ ಹಿಂದೆ ನಿಲ್ಲಿಸಿದ. ಟೀಚರುಗಳು ಗಾಡಿ ಮುಟ್ಟುವಂತಿಲ್ಲ, ಮಕ್ಕಳಿಗೆ ಏನೂ ಹೇಳುವಂತಿಲ್ಲ. ಬೆಳಿಗ್ಗೆ ಒಂದು ಸರದಿ, ಊಟವಾದ ಮೇಲೆ ಇನ್ನೊಂದು. ಆಗಲಿ ಎಂದು ತಲೆಯಾಡಿಸಿ ಒಳಗೆ ಕಣ್ಣು ಹಾಯಿಸಿದೆ. ನೆಲದ ತುಂಬ ಬೆಳ್ಳನೆಯ ಫ್ಲೆಕ್ಸ್ ಹಾಸಿದ್ದರು. ಅದರ ಮೇಲೆ ಎರಡು ಬೆರಳಗಲ ಕಪ್ಪು ಟೇಪಿನ ಗೆರೆ. ಎಂಥದೋ ಬೇರೆಯಾಗಿದೆ ಅನ್ನಿಸಿತು, ಆದರೆ ಆ ಗದ್ದಲದಲ್ಲಿ ಏನೆಂದು ತಲೆಗೆ ಹತ್ತಲಿಲ್ಲ. ಹತ್ತಲಿಲ್ಲ ಅನ್ನುವುದಕ್ಕೆ ಇವತ್ತಿಗೂ ನನ್ನ ಮೇಲೆ ನನಗೇ ನಗು ಬರುತ್ತದೆ.

ನಮ್ಮ ಸರದಿ ಬಂತು. ಸುಂಕಮ್ಮ ಗಾಡಿಯನ್ನು ಗೆರೆಯ ಮೇಲಿಟ್ಟು ಗುಂಡಿ ಒತ್ತಿದಳು. ಗಾಡಿ ಅಲುಗಲಿಲ್ಲ. ಮತ್ತೆ ಒತ್ತಿದಳು. ಜಪ್ಪಯ್ಯ ಅಂದರೂ ಇಲ್ಲ. ಮಗ್ಗುಲಲ್ಲಿ ಬಳ್ಳಾರಿಯ ಮಕ್ಕಳ ಗಾಡಿ ಸರ್ರನೆ ಓಡುತ್ತಿತ್ತು. ನಮ್ಮ ಸರದಿ ಮುಗಿಯಿತು ಎಂದರು. ಸಿದ್ದಲಿಂಗ ಗಾಡಿ ಎತ್ತಿಕೊಂಡು ಮೇಜಿಗೆ ಬಂದಾಗ ಅವನ ಮುಖದಲ್ಲಿ ನಗು ಇರಲಿಲ್ಲ.

ಬ್ಯಾಟರಿ ಸತ್ತಿದೆ ಎಂದು ನನಗೆ ಖಾತ್ರಿಯಾಯಿತು. ಬಾಯಿಗೆ ಬೀಗ ಹಾಕಿದ್ದರೇನು, ಕೈ ಇತ್ತಲ್ಲ. ಹೆಬ್ಬೆರಳು ತೋರುಬೆರಳಲ್ಲಿ ಸೆಲ್ಲಿನ ಅಳತೆ ತೋರಿಸಿದೆ, ಹೊರಗೆ ತೆಗೆದು ಒಳಗೆ ಹಾಕಿದ ಹಾಗೆ ಮಾಡಿದೆ. ಸುಂಕಮ್ಮ ನೋಡಿದಳು, ಸೆಲ್ಲು ಬದಲಾಯಿಸಿದಳು. ಪರೀಕ್ಷೆಗೆಂದು ಕೊಟ್ಟಿದ್ದ, ಟೇಪು ಅಂಟಿಸಿದ ಫ್ಲೆಕ್ಸಿನ ತುಂಡಿನ ಮೇಲಿಟ್ಟಳು. ಗಾಡಿ ನಿಂತೇ ಇತ್ತು. ಹಾಗಾದರೆ ವೈರು ಬಿಟ್ಟಿದೆ. ಎರಡೂ ಕೈಗಳಿಂದ ವೈರು ಎಳೆದು ಗಂಟು ಹಾಕಿದ ಹಾಗೆ ಮಾಡಿ ತೋರಿಸಿದೆ. ನನ್ನ ಪಕ್ಕದ ಕೊಟ್ಟೂರಿನ ಮೇಷ್ಟರು, "ಮೇಡಂ, ಹೂ ಕಟ್ಟಾಕತ್ತೀರೇನು?" ಎಂದು ಕೇಳಿದರು.

ಸುಂಕಮ್ಮ ನನ್ನನ್ನು ಒಂದು ಕ್ಷಣ ನೋಡಿದಳು. ಆಮೇಲೆ ಕುರ್ಚಿ ತಿರುಗಿಸಿ ನನಗೆ ಬೆನ್ನು ಮಾಡಿ ಕೂತಳು.

ನನಗೆ ಬೇಜಾರಾಯಿತು. ಸುಳ್ಳೇಕೆ, ಕಣ್ಣಲ್ಲಿ ನೀರೂ ಬಂತು. ತಿಂಗಳುಗಟ್ಟಲೆ ಕಲಿಸಿದ ಹುಡುಗಿ ಇಷ್ಟು ಜನರ ಎದುರು ಬೆನ್ನು ತೋರಿಸಿದರೆ ಯಾರಿಗಾದರೂ ಬರುತ್ತದೆ. ಕೈಗಳು ಮಾತ್ರ ಸುಮ್ಮನಿರಲಿಲ್ಲ. ಅವು ಮತ್ತೆ ಗಾಳಿಯಲ್ಲಿ ಏನಾದರೂ ಕಟ್ಟುವ ಮೊದಲೇ ಎರಡನ್ನೂ ಬೆನ್ನ ಹಿಂದೆ ಗಟ್ಟಿಯಾಗಿ ಹಿಡಿದುಕೊಂಡೆ.

ಊಟದ ಹೊತ್ತಿಗೆ ಹಾಲ್ ಖಾಲಿಯಾಯಿತು. ಸುಂಕಮ್ಮ, ಸಿದ್ದಲಿಂಗ ಇಬ್ಬರೂ ಮೇಜಿನ ಹತ್ತಿರವೇ ರೊಟ್ಟಿ ಬಿಚ್ಚಿದರು. ಸುಂಕಮ್ಮ ಒಂದು ಕೈಯಲ್ಲಿ ರೊಟ್ಟಿ ಹಿಡಿದು ಇನ್ನೊಂದು ಕೈ ಚಾಚಿದಾಗ ಅಂಗೈಯ ನೆರಳು ಗಾಡಿಯ ಒಂದು ಕಣ್ಣಿನ ಮೇಲೆ ಬಿತ್ತು. ಆ ಕಡೆಯ ಗಾಲಿ ಗಿರ್ರನೆ ತಿರುಗಿತು. ಅವಳು ರೊಟ್ಟಿ ಕೆಳಗಿಟ್ಟಳು. ಗಾಡಿಯ ಎರಡು ಕಣ್ಣುಗಳನ್ನೂ ಅಂಗೈಯಿಂದ ಮುಚ್ಚಿದಳು. ಎರಡು ಗಾಲಿಗಳೂ ತಿರುಗಿದವು.

"ಗಾಡಿ ಕೆಟ್ಟಿಲ್ಲಲೇ" ಎಂದಳು. "ನೆಲ ಬ್ಯಾರೆ ಐತಿ. ಬೆಳ್ಳಗ ಕಂಡ್ರ ನಿಲ್ಲು ಅಂತ ನಾವ ಹೇಳೀವಿ. ಇಲ್ಲಿ ಎಲ್ಲಾ ಬೆಳ್ಳಗೈತಿ. ಅದು ಹೇಳಿದ ಮಾತು ಕೇಳಿ ನಿಂತೈತಿ."

ಸಿದ್ದಲಿಂಗ ಹಣೆ ಚಚ್ಚಿಕೊಂಡ. "ಕರೇ ಗೆರಿ ಯಾರು ಎಳಿತಾರಲೇ? ಅಪಶಕುನ."

ಹಗ್ಗದ ಹಿಂದೆ ನಾನೂ ಮನಸ್ಸಿನಲ್ಲೇ ಹಣೆ ಚಚ್ಚಿಕೊಂಡೆ. ಗೆರೆ ಯಾವ ಬಣ್ಣದ್ದು ಎಂದು ಕಾಲೇಜಿನವರನ್ನು ಕೇಳಬೇಕೆಂದು ನಮ್ಮ ಪೈಕಿ ಒಬ್ಬರಿಗೂ ಹೊಳೆದಿರಲಿಲ್ಲ. ದಿನಾ ಬೆಳಗಾದರೆ ಸಾರಿಸಿದ ನೆಲ, ಅದರ ಮೇಲೆ ಬಿಳಿ ಗೆರೆ. ನಮ್ಮ ಕಣ್ಣಿಗೆ ಗೆರೆ ಎಂದರೆ ಬಿಳಿಯದೇ.

ಸುಂಕಮ್ಮ ಕ್ಲಿಪ್ಪು ಸರಿಸಿ ಎರಡು ಕಣ್ಣುಗಳನ್ನೂ ಹತ್ತಿರ ತಂದಳು. ಎರಡೂ ಕಪ್ಪು ಟೇಪಿನ ಮೇಲೇ ಕೂತವು. ಗಾಡಿ ಹೊರಟಿತು. ಆದರೆ ಸ್ವಲ್ಪ ಎಡಕ್ಕೆ ಸರಿದದ್ದೇ, ಎಡಗಣ್ಣಿಗೆ ಬಿಳಿ ಕಂಡು, ಎಡಗಾಲಿ ನಿಂತು, ಇನ್ನೂ ಎಡಕ್ಕೆ ಹೊರಳಿ ದಾರಿ ಬಿಟ್ಟಿತು. ನನಗೆ ಆಗ ತಿಳಿಯಿತು ಏನು ಮಾಡಬೇಕೆಂದು. ಬೆನ್ನ ಹಿಂದೆ ನನ್ನ ಬೆರಳುಗಳು ಒಂದನ್ನೊಂದು ಹಿಂಡುತ್ತಿದ್ದವು. ಅವಳು ತಿರುಗಿ ನೋಡಲಿಲ್ಲ. ಗಾಡಿಯನ್ನು ಮೂರ್ನಾಲ್ಕು ಸಲ ಬಿಟ್ಟಳು, ಅದು ಪ್ರತಿ ಸಲ ತಪ್ಪಿದ್ದನ್ನು ಬಗ್ಗಿ ನೋಡಿದಳು. ಕೊನೆಗೆ ಎಡಗಣ್ಣನ್ನು ತೆಗೆದು ಬಲಕ್ಕೆ ಸಿಕ್ಕಿಸಿದಳು, ಬಲಗಣ್ಣನ್ನು ಎಡಕ್ಕೆ. ವೈರುಗಳು ಒಂದರ ಮೇಲೊಂದು ಹಾದವು. ಗಾಡಿ ಟೇಪು ಹಿಡಿದು ನೆಟ್ಟಗೆ ಹೋಯಿತು.

ಮಧ್ಯಾಹ್ನದ ಸರದಿಯಲ್ಲಿ ಅದು ತಡವರಿಸುತ್ತ, ಅತ್ತಿತ್ತ ಓಲಾಡುತ್ತ, ಒಂದು ಸುತ್ತು ಪೂರ್ತಿ ಹಾಕಿತು. ಬಹುಮಾನದ ಹತ್ತಿರವೂ ನಾವಿರಲಿಲ್ಲ. ಸಿದ್ದಲಿಂಗ ಮಾತ್ರ ಗೆದ್ದವರಿಗಿಂತ ಜಾಸ್ತಿ ಕುಣಿದ. ಬಸ್ಸಿನಲ್ಲಿ ಸುಂಕಮ್ಮ ನನ್ನ ಪಕ್ಕದಲ್ಲೇ ಕೂತು, ಬುಟ್ಟಿಯನ್ನು ತೊಡೆಯ ಮೇಲಿಟ್ಟುಕೊಂಡು, "ಟೀಚರ್, ಕೋಣಿ ನಮ್ದಲ್ರೀ?" ಎಂದು ಕೇಳಿದಳು. ನಮ್ಮದೇ ಎಂದೆ. ಕೂಡ್ಲಿಗಿ ಬರುವವರೆಗೂ ನನ್ನ ಭುಜಕ್ಕೆ ಒರಗಿ ನಿದ್ದೆ ಮಾಡಿದಳು.

ಮರುದಿನ ಬೇವಿನ ಮರದ ಕೆಳಗೆ ಸುದ್ದಿ ಹೇಳಿದರೆ ಹೆಡ್ಮಾಸ್ತರು ಗಂಟಲು ಸರಿಮಾಡಿಕೊಂಡರು. ಗಿಡ್ಡಮ್ಮನಿಗೆ ಇಲ್ಲ ಅನ್ನಬೇಕಾದ ಗಳಿಗೆ ಬಂದಿತ್ತು, ಅದು ಅವರಿಂದಾಗದ ಮಾತು.

"ಹಾಕೈತಿ ಅಂತೀರಿ, ಖರೆ. ಗಿಡ್ಡಮ್ಮ ಎಲ್ಲಿ ನೋಡ್ಯಾಳ್ರಿ? ಆಕಿ ಎದುರಿಗೆ ಒಂದು ಸುತ್ತು ಹಾಕಿಸ್ರಿ, ಮುಗದ್ಹೋತು."

ನನ್ನ ಸಿಟ್ಟು ಬಾಯಿಗೆ ಬಂದಿತ್ತು. ಅಷ್ಟರಲ್ಲಿ ಹಿತ್ತಲಿಂದ ಗಿಡ್ಡಮ್ಮನೇ ಕೂಗಿದಳು. "ಬರ್ರಿ, ಅಂಗಳ ತಯಾರೈತಿ."

ಹೋಗಿ ನೋಡಿದರೆ ಅಂಗಳವೆಲ್ಲ ಹೊಸದಾಗಿ ಸಾರಿಸಿದೆ. ಅದರ ಮೇಲೆ ಸುಣ್ಣದ ಸುತ್ತು, ಎಲ್ಲೂ ಒಡಕಿಲ್ಲ, ಮಗಳು ಎಳೆಯುತ್ತಿದ್ದುದಕ್ಕಿಂತ ನೀಟು. ನಡುವೆ ಒಂದು ತಾವರೆ ಬೇರೆ ಬಿಡಿಸಿದ್ದಳು.

"ನಿನಗೆ ಅಕ್ಕಿಗೆ ಕೋಣಿ ಬೇಕಿತ್ತಲ್ಲ ಗಿಡ್ಡಮ್ಮ" ಎಂದೆ.

"ಬೇಕು. ಹಂಗಂತ ಮಗಳು ಪರಊರಿಗೆ ಹೋಗಿ ಬಂದ ಮ್ಯಾಲ ಅಂಗಳ ಬರಿದು ಬಿಡಾಕ ಬರತೈತೇನ್ರಿ?"

ಮಕ್ಕಳೆಲ್ಲ ಸುತ್ತ ನಿಂತರು. ಸಿದ್ದಲಿಂಗ ಗಾಡಿಯನ್ನು ಸುಣ್ಣದ ಗೆರೆಯ ಮೇಲಿಟ್ಟು ಗುಂಡಿ ಒತ್ತಿದ. ಗಾಡಿ ಅಲುಗಲಿಲ್ಲ. ಅದರ ಕಣ್ಣುಗಳೆರಡೂ ಬಿಳಿಯ ಮೇಲೆ ಕೂತಿದ್ದವು. ಹೊಸಪೇಟೆಯಲ್ಲಿ ಅದಕ್ಕೆ ಕಲಿಸಿದ್ದನ್ನು ಇಲ್ಲಿ ಮರೆಸಲು ನಾವು ಮರೆತಿದ್ದೆವು. ಹೆಡ್ಮಾಸ್ತರ ಮುಖ ಹಗುರಾಯಿತು. ನಾನು ಕೈ ಚಾಚಿ ಎರಡು ಹೆಜ್ಜೆ ಇಟ್ಟಿದ್ದೆ.

"ಟೀಚರ್, ಕೈ" ಎಂದಳು ಸುಂಕಮ್ಮ.

ನಾನು ನಿಂತು, ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡೆ. ಅವಳು ಗಾಡಿಯನ್ನು ಸರಿ ಮಾಡುತ್ತಾಳೆ ಎಂದುಕೊಂಡರೆ, ಅವಳೂ ತನ್ನ ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡು ತಾಯಿಯ ಕಡೆ ತಿರುಗಿದಳು.

"ಯವ್ವಾ, ಗೆರಿ ನೀನ ಎಳದೀದಿ. ನೀನ ಓಡಸು."

"ನನಗ ಇದೆಲ್ಲಾ ಎಲ್ಲಿ ಬರತೈತಿ?"

"ನಿನ್ನ ಬಟ್ಟಿ ಕ್ಲಿಪ್ಪು ತೆಗಿಯಾಕ ಬರಂಗಿಲ್ಲೇನು? ಅದಕ್ಕ ಬೆಳ್ಳಗ ಕಂಡ್ರ ನಿಲ್ಲತೈತಿ. ಈಗ ಕಣ್ಣು ಎಲ್ಲಿ ಅದಾವು?"

ಗಿಡ್ಡಮ್ಮ ಕುಕ್ಕರಗಾಲಲ್ಲಿ ಕೂತು, ಬಗ್ಗಿ ನೋಡಿದಳು. "ಸುಣ್ಣದ ಮ್ಯಾಲ."

ಗಿಡ್ಡಮ್ಮ ಸೆರಗಿಗೆ ಕೈ ಒರೆಸಿಕೊಂಡು, ಒಂದು ಕ್ಲಿಪ್ಪನ್ನು ಈಚೆಗೆ, ಇನ್ನೊಂದನ್ನು ಆಚೆಗೆ ಸರಿಸಿದಳು. ಗಾಡಿ ತಟ್ಟನೆ ಹೊರಟಿತು. ಮಕ್ಕಳು ಹೋ ಎಂದರು. ಮೊದಲ ತಿರುವಿನಲ್ಲಿ ಗೆರೆ ಎಡಕ್ಕೆ ಹೋದರೆ ಗಾಡಿ ಬಲಕ್ಕೆ ಹೊರಳಿ ನಲ್ಲಿಯ ಕಡೆ ಹೊರಟಿತು. ಗಿಡ್ಡಮ್ಮ ಓಡಿಹೋಗಿ ಹಿಡಿದಳು.

"ಎಡದ ಎತ್ತು ಬಲಕ್ಕ ಕಟ್ಟಿದಂಗ ಆಡಾಕತ್ತೈತಿ" ಎಂದು ಗೊಣಗಿದಳು. ಮಗಳ ಮುಖ ನೋಡಿದಳು. ಮಗಳ ಮುಖದಲ್ಲಿ ಏನೂ ಸಿಗಲಿಲ್ಲ. ಕ್ರಾಸಾಗಿ ಹೋಗಿದ್ದ ವೈರುಗಳ ಮೇಲೆ ಬೆರಳಾಡಿಸಿದಳು. "ಇಲ್ಲೇ ತಿರುಗಾಮುರುಗಾ ಕಟ್ಟೀರಲ್ಲ" ಎಂದು ಎರಡು ಕ್ಲಿಪ್ಪುಗಳನ್ನೂ ಅದಲುಬದಲು ಮಾಡಿದಳು.

ಗಾಡಿ ತಿರುವು ದಾಟಿತು, ತಾವರೆಯನ್ನು ಬಳಸಿತು, ಹೊರಟಲ್ಲಿಗೆ ಬಂದು ಮುಟ್ಟಿತು. ಗಿಡ್ಡಮ್ಮ ಅದರ ಹಿಂದೆಯೇ ಬಗ್ಗಿಕೊಂಡು ಒಂದು ಸುತ್ತು ಪೂರ್ತಿ ನಡೆದಿದ್ದಳು. ಅವಳು ಹಾಗೆ ನಕ್ಕಿದ್ದನ್ನು ನಾನು ಅದುವರೆಗೆ ಕಂಡಿರಲಿಲ್ಲ. ಸುಂಕಮ್ಮನ ಕೈಗಳು ಬೆನ್ನ ಹಿಂದೆಯೇ ಇದ್ದವು, ಬೆರಳುಗಳು ಒಂದನ್ನೊಂದು ಹಿಂಡಿ ಕೆಂಪಾಗಿದ್ದವು. ಅದು ಎಷ್ಟು ಕಷ್ಟದ ಕೆಲಸ ಎಂದು ಆ ಅಂಗಳದಲ್ಲಿ ನನಗೊಬ್ಬಳಿಗೇ ಗೊತ್ತಿತ್ತು. ನನಗೆ ಅವಳ ಮೇಲೆ ತುಂಬ ಪ್ರೀತಿ ಬಂತು.

"ಆತು ಬಿಡ್ರಿ, ಕೋಣಿ ಟೀಚರಿಗೆ" ಎಂದರು ಹೆಡ್ಮಾಸ್ತರು. "ಅಕ್ಕಿಗೆ ಮುಂದಿನ ವರ್ಷ ಏನಾರ ನೋಡಾಣ."

ಗಿಡ್ಡಮ್ಮ ಎದ್ದು ನಿಂತಳು. "ಮುಂದಿನ ವರ್ಷ ಯಾಕ್ರಿ ಸರ? ನಿಮ್ಮ ಕೋಣಿ ಖಾಲಿ ಐತಲ್ಲ. ನೀವಂತೂ ಗಿಡದ ಕೆಳಗ ಇರ್ತೀರಿ."

ಹೆಡ್ಮಾಸ್ತರು ಬೇವಿನ ಮರದ ಕಡೆ ನೋಡಿದರು, ಗಿಡ್ಡಮ್ಮನ ಕಡೆ ನೋಡಿದರು. ಅವರಿಗೆ ಇಲ್ಲ ಅನ್ನಲು ಬರುವುದಿಲ್ಲ ಎಂದು ಆಗಲೇ ಹೇಳಿದ್ದೇನಲ್ಲ. ಊಟದ ಗಂಟೆ ಹೊಡೆಯುವುದರೊಳಗೆ ಚೀಲಗಳೆಲ್ಲ ಅವರ ಕೋಣೆ ಸೇರಿದವು.

ಸಂಜೆ ನಾನು ರೋಬೋ ಕೋಣೆಗೆ ಹೋದೆ. ಎಂಟನೇ ಕ್ಲಾಸಿನ ಹುಡುಗಿಯರು ಒಂದು ಹಿಂಡು ನೆಲದ ಮೇಲೆ ಕೂತಿದ್ದರು. ನಡುವೆ ಬಿಚ್ಚಿದ ಗಾಡಿ. ಒಬ್ಬಳು ಸ್ಕ್ರೂಡ್ರೈವರನ್ನು ತಪ್ಪಾಗಿ ಹಿಡಿದು ಮೋಟರು ಕೀಳುತ್ತಿದ್ದಳು. ನಾನು ಬಾಯಿ ತೆರೆಯುವಷ್ಟರಲ್ಲಿ ಸುಂಕಮ್ಮ ಎದ್ದು ಬಾಗಿಲಿಗೆ ಬಂದಳು.

"ಟೀಚರ್, ಸಿಟ್ಟಾಗಬ್ಯಾಡ್ರಿ. ನೀವು ಸ್ವಲ್ಪ ಹೊರಗ ಕುಂದರ್ರಿ. ತಿಳಿಲಿಲ್ಲಂದ್ರ ನಾನ ಬಂದು ಕೇಳ್ತೀನಿ."

ಸಿಟ್ಟು ಬರಬೇಕಿತ್ತು, ಯಾಕೋ ಬರಲಿಲ್ಲ. ಅವಳು ಬಾಗಿಲು ಹಾಕಿಕೊಂಡಳು. ನಾನು ಕ್ಲಾಸಿನಿಂದ ಒಂದು ಕುರ್ಚಿ ತಂದು ಬೇವಿನ ಮರದ ಕೆಳಗೆ ಹಾಕಿಕೊಂಡೆ. ಹೆಡ್ಮಾಸ್ತರು ತಮ್ಮ ಕುರ್ಚಿಯನ್ನು ಸರಿಸಿ ಜಾಗ ಕೊಟ್ಟು, ಸ್ವಲ್ಪ ಹೊತ್ತು ನನ್ನನ್ನು ನೋಡಿದರು.

"ನಿಮ್ಮ ಕೋಣಿಯಾಗೂ ಅಕ್ಕಿ ಇಟ್ಟಾರೇನ್ರಿ?"

"ಇಲ್ಲ ಸಾರ್" ಎಂದೆ. "ಒಳಗೆ ಪಾಠ ನಡೆದೈತೆ."